ಬಂಡೆ ಬಿಟ್ಟು ಕದಲದ ಡ್ರಮ್ಮು: ನನ್ನ ಅನುಭವ

ನೀರೊಳಗಿನ ಬಂಡೆಗೆ ಗುರುತಾಗಿ ತೇಲುವ ಡ್ರಮ್ಮು ಕಟ್ಟಿದಾಗ "ಇದೇನು ಮಂಗಳೂರು ಬಂದರೇನೋ?" ಅಂತ ನಕ್ಕವರೇ ಈಗ ರಾತ್ರಿ ಬಲೆ ಬಿಡಲು ಹೋಗುವಾಗ ನನ್ನ ಡ್ರಮ್ಮು ನೋಡಿಕೊಂಡು ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ನೀರು ಏರಿದಾಗ ಕಾಣದ ಮುಳುಗು ಬಂಡೆಗಳಿವೆ. ಗುರುತಿಗೆ ಡ್ರಮ್ಮು ಕಟ್ಟುವುದೂ ಹೊಸದಲ್ಲ. ಅದು ಜಾಗದಲ್ಲಿ ನಿಲ್ಲುವುದಿಲ್ಲ, ತೊಂದರೆ ಅದು. ಜಲಾಶಯ ತುಂಬಿದರೆ ನೀರು ಸಮುದ್ರ ಮಟ್ಟದಿಂದ 1,633 ಅಡಿ ಎತ್ತರದಲ್ಲಿರುತ್ತದೆ. ಬೇಸಿಗೆಯಲ್ಲಿ 40-50 ಅಡಿ ಇಳಿಯುತ್ತದೆ. ಹಗ್ಗ ಉದ್ದ ಬಿಟ್ಟರೆ ನೀರು ಇಳಿದಾಗ ಡ್ರಮ್ಮು ಅಲೆಯುತ್ತದೆ. ಗಿಡ್ಡ ಬಿಟ್ಟರೆ ನೀರು ಏರಿದಾಗ ಮುಳುಗುತ್ತದೆ. ಹಾಗೆ ಅಲೆದ ಡ್ರಮ್ಮನ್ನು ನಂಬಿ ಒಂದು ಎಂಜಿನ್ ದೋಣಿ ನೇರ ಬಂಡೆಗೇ ಬಡಿದಿತ್ತು.

ನಾನು ಹಗ್ಗವನ್ನು ಡ್ರಮ್ಮಿಗೆ ಕಟ್ಟಲೇ ಇಲ್ಲ. ಒಂದು ತುದಿಯನ್ನು ತಳದ ಭಾರಕ್ಕೆ ಕಟ್ಟಿ, ಹಗ್ಗವನ್ನು ಡ್ರಮ್ಮಿನ ಅಡಿಯ ಕಬ್ಬಿಣದ ರಿಂಗಿನಲ್ಲಿ ತೂರಿಸಿ, ಇನ್ನೊಂದು ತುದಿಗೆ 12-15 ಕೆಜಿ ಗುಂಡು ಇಳಿಬಿಟ್ಟೆ. ನೀರು ಇಳಿದಂತೆ ಗುಂಡು ಜಾರಿ ಹಗ್ಗವನ್ನು ಬಿಗಿ ಮಾಡುತ್ತದೆ. ನೀರಿನ ಆಳ ಹಗ್ಗದ ಅರ್ಧಕ್ಕಿಂತ ಕಡಿಮೆಯಾದರೆ ಗುಂಡು ನೆಲ ಮುಟ್ಟುತ್ತದೆ, ಆಗ ಕೆಲಸ ಮಾಡುವುದಿಲ್ಲ. ಅಷ್ಟರಲ್ಲಿ ಬಂಡೆಯೇ ಮೇಲೆ ಕಾಣುತ್ತಿರುತ್ತದೆ ಬಿಡಿ.

ಮೊದಲ ವರ್ಷ ದುಡ್ಡು ನೀರಿಗೇ ಹೋಯಿತು. ತಳದ ಭಾರಕ್ಕೆ ಟೈರಿನಲ್ಲಿ ಕಾಂಕ್ರೀಟು ತುಂಬಿ ಇಳಿಸಿದ್ದೆ. ನೀರಿನೊಳಗೆ ಕಾಂಕ್ರೀಟಿನ ತೂಕ ಶೇ 40ರಷ್ಟು ಕಮ್ಮಿಯಾಗುತ್ತದೆ. ಜುಲೈ ಗಾಳಿಗೆ ಎಲ್ಲ ಜರುಗಿದವು. ಆಮೇಲೆ ಗಿಣಿಗೇರಿ ಕಡೆಯ ಗುಜರಿ ಕಬ್ಬಿಣ ತಂದೆ. ಕಬ್ಬಿಣಕ್ಕೆ ಶೇ 13ರಷ್ಟೇ ಕಮ್ಮಿ. ಇನ್ನೊಂದು ಕಾಟ ಎಂದರೆ ಡ್ರಮ್ಮು ತಿರುಗಿ ತಿರುಗಿ ಹಗ್ಗದ ಎರಡೂ ಬದಿ ಜಡೆಯಂತೆ ಹೆಣೆದುಕೊಳ್ಳುವುದು. ಅದಕ್ಕೆ ಉಪಾಯ ಸಿಕ್ಕಿದೆ. ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು.

ಬಣ್ಣದ ಲೆಕ್ಕ ಮಂಗಳೂರಿನಲ್ಲಿ ಹಡಗು ಎಳೆಯುವ ಟಗ್ ದೋಣಿ ಮೇಲೆ ಕೆಲಸ ಮಾಡುವ ನಮ್ಮ ಭಾವ ಹೇಳಿದ್ದು. ನಮ್ಮ ದೇಶದಲ್ಲಿ ಬಂದರಿನ ಒಳಗೆ ಬರುವಾಗ ಎಡಕ್ಕೆ ಕೆಂಪು ಗುರುತು, ಬಲಕ್ಕೆ ಹಸಿರು. ಅಮೆರಿಕದಲ್ಲಿ ಉಲ್ಟಾ. ಒಂಟಿ ಬಂಡೆಗೆ ಬೇರೆ ಗುರುತು: ಕಪ್ಪು ಮೈ, ನಡುವೆ ಕೆಂಪು ಪಟ್ಟಿ, ತಲೆ ಮೇಲೆ ಎರಡು ಕಪ್ಪು ಚೆಂಡು, ರಾತ್ರಿ ಎರಡೆರಡು ಸಲ ಮಿನುಗುವ ಬಿಳಿ ದೀಪ. ಹಾಗೇ ಮಾಡಿದೆ. ಸೋಲಾರ್ ದೀಪಗಳು ತಿಂಗಳೊಳಗೆ ಕಳುವಾದವು. ಉಳಿದವುಗಳ ಮೇಲೆ ನೀರುಕಾಗೆ ಕೂತು ಹಿಕ್ಕೆ ಹಾಕಿ ಬೆಳಕೇ ಇಲ್ಲ. ಕೊನೆಗೆ ಲಾರಿಗೆ ಹಚ್ಚುವ ಹೊಳೆಯುವ ಟೇಪು ಸುತ್ತಿದೆ. ಹಣೆಗೆ ಟಾರ್ಚ್ ಕಟ್ಟಿದವರಿಗೆ ಅಷ್ಟು ಸಾಕು.

ನಡುವೆ ಒಂದು ಹುಚ್ಚು. ಬಂದರುಗಳಲ್ಲಿ 3ನೇ ನಂಬರಿನ ಸಂಕೇತ ಏರಿಸಿದರೆ ಅಲ್ಲಿ ಬಿರುಗಾಳಿ ಬೀಸಬಹುದು ಎಂದರ್ಥ. ನಾನೂ ಗಾಳಿ ಜೋರಿದ್ದ ದಿನ ದಡದಲ್ಲಿ ಕೆಂಪು ಬಟ್ಟೆ ಏರಿಸಿದೆ. ಹುಲಿಗೆಮ್ಮನ ಜಾತ್ರೆ ಬಂತೇನೋ ಅಂದುಕೊಂಡರು ಜನ! ಈಗ ಸುಮ್ನೆ ವಾಟ್ಸಾಪಿನಲ್ಲಿ ವಾಯ್ಸ್ ಹಾಕುತ್ತೇನೆ.

2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ನೀರು ದಿನದಿನಕ್ಕೆ ಇಳಿಯಿತು. ಉಳಿದವರ ಡ್ರಮ್ಮುಗಳು ದಿಕ್ಕಾಪಾಲು. ನನ್ನವು ಒಂದೂ ಬಂಡೆ ಬಿಟ್ಟು ಕದಲಲಿಲ್ಲ.

ಕಂಪನಿಯ ತೇಲುಗುರುತಿಗೆ ಒಂದಕ್ಕೆ 40,000 ರೂಪಾಯಿ ಹತ್ತಿರ ಹೇಳಿದ್ದರು. ನನಗೆ ಬಿದ್ದದ್ದು 3,000 ಚಿಲ್ಲರೆ, ಅರ್ಧ ದುಡ್ಡು ಹಗ್ಗಕ್ಕೇ. ಈಗ ಹೊಸಪೇಟೆ ದಡದವರೂ ಕೇಳುತ್ತಿದ್ದಾರೆ. 4,500 ಹೇಳಿದ್ದೇನೆ, ಹಗ್ಗ ಅವರೇ ತರಬೇಕು.