ಸೆರಗಿನಿಂದ ಬಂದ ಸೈಕಲ್ ಜರ್ಸಿ

ನಮ್ಮ ಸೈಕಲ್ ಗುಂಪಿನಲ್ಲಿ 32 ಜನ ಇದ್ದೇವೆ. ಬ್ಯಾಂಕಿನವರು, ಮಾಸ್ತರರು, ಇಬ್ಬರು ಡಾಕ್ಟರು, ಕಾಲೇಜು ಹುಡುಗ ಹುಡುಗಿಯರು. ಸೈಕಲ್ ತುಳಿದು ಹೊಟ್ಟೆ ಹೊರೆಯುವವರು ಯಾರೂ ಇಲ್ಲ. ಭಾನುವಾರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಹೊರಟು ಕಲಘಟಗಿ ಕಡೆಗೋ, ಧಾರವಾಡ ದಾಟಿ ಅಳ್ನಾವರದ ಕಡೆಗೋ ಹೋಗಿ ಬರುತ್ತೇವೆ, ಅಷ್ಟೇ. ಆದರೆ ಒಂದೇ ಬಟ್ಟೆ ಹಾಕಿಕೊಂಡು ಸಾಲಾಗಿ ಹೋಗುವಾಗ ಸಿಗುವ ಖುಷಿಯೇ ಬೇರೆ.

ನಮ್ಮ ಹಳೆಯ ಜರ್ಸಿಯಲ್ಲಿ ಆ ಖುಷಿ ಇರಲಿಲ್ಲ. ಎದೆ ಮೇಲೆ ಬೆಂಕಿ, ಬೆನ್ನ ಮೇಲೆ ಗುಡ್ಡ, ತೋಳಿನ ಮೇಲೆ ಹಲ್ಲಿನ ಚಕ್ರ, ಆರು ಬಣ್ಣ, ಹನ್ನೊಂದು ಅಂಗಡಿಗಳ ಹೆಸರು. ಗ್ರೂಪ್ ಫೋಟೋ ಇದ್ದ ದಿನ ಮಾತ್ರ ಎಲ್ಲರೂ ಅದನ್ನು ಹಾಕುತ್ತಿದ್ದರು. ಮರುದಿನ ಮತ್ತೆ ತಮ್ಮ ತಮ್ಮ ಟೀ ಶರ್ಟು. ನಾನು ಮದುವೆ ಕಾರ್ಡು, ಉಪ್ಪಿನಕಾಯಿ ಲೇಬಲ್ಲು ಡಿಸೈನ್ ಮಾಡಿ ಬದುಕುವವನು. ಹೊಸದನ್ನು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಎರಡು ತಿಂಗಳು ಸುಮ್ನೆ ಹೋದವು. ಯುರೋಪಿನ ಹಳೆಯ ಜರ್ಸಿಗಳನ್ನು ನೋಡುತ್ತಾ ಕೂತಿದ್ದೆ. ಟೂರ್ ಡಿ ಫ್ರಾನ್ಸ್‌ನಲ್ಲಿ ಮುಂದಿರುವವನಿಗೆ ಹಳದಿ ಜರ್ಸಿ ಕೊಡುವ ಪದ್ಧತಿ 1919ರಲ್ಲಿ ಶುರುವಾಯಿತು. ರೇಸ್ ನಡೆಸುತ್ತಿದ್ದ ಲೋಟೋ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಇಟಲಿಯ ‘ಜೀರೋ ಡಿ ಇಟಾಲಿಯಾ’ ರೇಸಿನ ಗುಲಾಬಿ ಜರ್ಸಿ 1931ರದ್ದು. ಅದಕ್ಕೂ ಗುಲಾಬಿ ಕಾಗದದ ಗಜೆಟ್ಟಾ ಪತ್ರಿಕೆಯೇ ಮೂಲ. ಫ್ರಾನ್ಸಿನ ಪೂಜೋ ಸೈಕಲ್ ತಂಡದ ಜರ್ಸಿಯಲ್ಲಿ ಬಿಳಿ ಬಟ್ಟೆ, ಎದೆಗೆ ಕಪ್ಪು ಬಿಳಿ ಚೌಕದ ಪಟ್ಟಿ. ಜನ ಇವತ್ತಿಗೂ ಅದನ್ನು ಮರೆತಿಲ್ಲ. ಒಂದು ಬಣ್ಣ, ಒಂದು ಗುರುತು, ಅದಕ್ಕೆ ಒಂದು ಊರಿನ ಕಾರಣ. ಅದು ಅರ್ಥವಾಯಿತು, ಆದರೆ ನಮ್ಮ ಊರಿನ ಕಾರಣ ಯಾವುದು ಅಂತ ಹೊಳೆದಿರಲಿಲ್ಲ.

ಒಂದು ಸಂಜೆ ಅವ್ವ ಮಡಚುತ್ತಿದ್ದ ಇಳಕಲ್ ಸೀರೆಯಲ್ಲಿ ಅದು ಕಂಡಿತು. ನವಿಲು ಹಸಿರಿನ ಒಡಲು, ಅದರಲ್ಲಿ ಹೂವಿಲ್ಲ, ಬಳ್ಳಿಯಿಲ್ಲ. ಅಂಚಿಗೆ ದಡಿ. ತುದಿಗೆ ಕೆಂಪು ಸೆರಗು, ಅದರಲ್ಲಿ ಬಿಳಿಯ ಟೋಪ್ ತೆನಿ. ಬಾಚಣಿಗೆಯ ಹಲ್ಲಿನಂತೆ, ಗುಡಿಯ ಗೋಪುರದಂತೆ ಕೆಂಪು ಬಿಳಿಯೊಳಗೆ ಚಾಚಿರುತ್ತದೆ, ಬಿಳಿ ಕೆಂಪಿನೊಳಗೆ ಇಳಿದಿರುತ್ತದೆ. ನೇಕಾರರು ಕುಸುರಿಯನ್ನು ಎಲ್ಲ ಕಡೆಗೂ ಹಂಚಿಲ್ಲ. ಒಡಲನ್ನು ಸುಮ್ಮನೆ ಬಿಟ್ಟಿದ್ದಾರೆ. ಅದಕ್ಕೇ ಸೆರಗು ಎದ್ದು ಕಾಣುತ್ತದೆ. ಜರ್ಸಿಯನ್ನೂ ಹೀಗೇ ನೋಡಬಹುದಲ್ವಾ ಅನಿಸಿತು. ಎದೆ, ಬೆನ್ನು ಒಡಲು. ತೋಳಿನ ಅಂಚು ದಡಿ. ಹಿಂದಿನ ಮೂರು ಜೇಬುಗಳ ಜಾಗ ಸೆರಗು. ಸೈಕಲ್ ಮೇಲೆ ಬಗ್ಗಿ ಕೂತವರ ಹಿಂದೆ ಬರುವವರಿಗೆ ಕಾಣುವುದು ಆ ಜಾಗವೇ.

ಆ ರಾತ್ರಿಯೇ ಗೆರೆ ಹಾಕಿದೆ. ಬೆಳಗ್ಗೆ ಕಾಗದದ ಮೇಲೆ ಅಚ್ಚು ಹಾಕಿ ಅವ್ವನಿಗೆ ತೋರಿಸಿದೆ. ‘ತೆನಿ ಇಷ್ಟು ಸಣ್ಣ ಇರಂಗಿಲ್ಲಪಾ, ದೂರದಿಂದ ಹೆಂಗ ಕಾಣಬೇಕು?’ ಅಂದಳು. ನಾನು ಒಂದೂವರೆ ಸೆಂಟಿಮೀಟರ್ ಎತ್ತರ ಇಟ್ಟಿದ್ದೆ. ಕಂಪ್ಯೂಟರ್ ಪರದೆಯಲ್ಲಿ ಚೆಂದ ಕಾಣುತ್ತಿತ್ತು. ಅವಳ ಮಾತು ಕೇಳದೆ ಹಾಗೇ ಸ್ಯಾಂಪಲ್ಲಿಗೆ ಕಳಿಸಿದೆ.

ಸ್ಯಾಂಪಲ್ ಬಂದ ದಿನ ಮೂರು ತಪ್ಪು ಒಟ್ಟಿಗೆ ಕಂಡವು. ಮೊದಲನೆಯದು ನಮ್ಮ ಊರಿನ ಹೆಸರು. ‘ಹುಬ್ಬಳ್ಳಿ’ಯಲ್ಲಿ ಎರಡು ಒತ್ತಕ್ಷರ ಇವೆ. ಅಚ್ಚಿನವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂತಿದ್ದವು. ಕನ್ನಡದಲ್ಲಿ ಹೆಸರು ಹಾಕಿಸುವವರು ಇದನ್ನು ದಯವಿಟ್ಟು ನೆನಪಿಡಿ: ಫೈಲ್ ಕಳಿಸುವ ಮೊದಲು ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಾಯಿಸಿ. ಆಗ ಅದು ಅಕ್ಷರವಲ್ಲ, ಚಿತ್ರ. ಯಾವ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ. ಸಾಲಿನ ಕೆಳಗೆ ಒತ್ತಿಗೆ ಜಾಗವನ್ನೂ ಬಿಡಿ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಸಾಲುವ ಎತ್ತರ ನಮ್ಮ ‘ಳ್ಳಿ’ಗೆ ಸಾಲುವುದಿಲ್ಲ. ಇನ್ನೊಂದು, ಹೆಸರನ್ನು ಎದೆಯ ನಡುವೆ ಇಡಬೇಡಿ. ಅಲ್ಲಿ ಜಿಪ್ ಬರುತ್ತದೆ, ಏರಿನಲ್ಲಿ ಸೆಕೆಯಾಗಿ ಅರ್ಧ ಬಿಚ್ಚಿದರೆ ಅಕ್ಷರ ಸೀಳಿ ಹೋಗುತ್ತದೆ. ನಾನು ಹೆಸರನ್ನು ಎಡಗಡೆ ಎದೆಗೆ ಸರಿಸಿದೆ, ಅಂಗೈಯಷ್ಟು ಅಗಲ.

ಎರಡನೆಯದು ಬಣ್ಣ. ಸೆರಗಿನ ಕೆಂಪು ಇಟ್ಟಿಗೆಯ ಕೆಂಪಾಗಿತ್ತು. ಇಂಥ ಜರ್ಸಿಗಳನ್ನು ಸಬ್ಲಿಮೇಷನ್‌ನಲ್ಲಿ ಮಾಡುತ್ತಾರೆ. ಬಣ್ಣವನ್ನು ಮೊದಲು ಕಾಗದಕ್ಕೆ ಅಚ್ಚು ಹಾಕಿ, ಆ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನೊಳಗೆ ಇಳಿಯುತ್ತದೆ. ಅದಕ್ಕೇ ಒಗೆದರೂ ಹೋಗುವುದಿಲ್ಲ, ಮೇಲೆ ಪದರವೂ ಇಲ್ಲದ್ದರಿಂದ ಗಾಳಿ ಆಡುತ್ತದೆ. ಇದರಲ್ಲಿ ಬಿಳಿ ಬಣ್ಣ ಅಂತ ಇಲ್ಲ. ಬಿಳಿ ಅಂದರೆ ಅಚ್ಚು ಬೀಳದ ಬಟ್ಟೆ. ಪರದೆಯ ಕೆಂಪಿಗೂ ಬಟ್ಟೆಯ ಕೆಂಪಿಗೂ ಸಂಬಂಧವೇ ಇರುವುದಿಲ್ಲ. ಅದಕ್ಕೆ ಅಚ್ಚಿನವರ ಹತ್ತಿರ ಅದೇ ಬಟ್ಟೆಯ ಮೇಲೆ, ಅದೇ ಮೆಷಿನ್ನಿನಲ್ಲಿ ತೆಗೆದ ಬಣ್ಣದ ಚಾರ್ಟ್ ಕೇಳಿ ತರಿಸಿದೆ. ಅಂಗಳದ ಬಿಸಿಲಿನಲ್ಲಿ ಅವ್ವನ ಸೆರಗಿನ ಮೇಲೆ ಒಂದೊಂದೇ ಚೌಕ ಇಟ್ಟು ನೋಡಿದೆ. ಹೊಂದಿದ್ದು ನಾನು ಪರದೆಯಲ್ಲಿ ಎಂದೂ ಆರಿಸುತ್ತಿರಲಿಲ್ಲದ ಒಂದು ಕೆಂಪು.

ಮೂರನೆಯದು ಹೊಲಿಗೆ. ಜೇಬು ಬೇರೆ ತುಂಡು, ಬೆನ್ನು ಬೇರೆ ತುಂಡು. ನಾನು ತೆನಿಯನ್ನು ಎರಡಕ್ಕೂ ಸೇರುವಂತೆ ಇಟ್ಟಿದ್ದೆ. ಹೊಲಿಯುವಾಗ ಅರ್ಧ ಸೆಂಟಿಮೀಟರ್ ಜರುಗಿ ಹಲ್ಲುಗಳು ಸೊಟ್ಟಗಾಗಿದ್ದವು. ಹೊಲಿದವರದ್ದು ತಪ್ಪಲ್ಲ, ಅಷ್ಟು ಜರುಗುವುದು ಸಹಜ. ಮೇಲಾಗಿ ಜೇಬಿನಲ್ಲಿ ಮೊಬೈಲು, ಬಾಳೆಹಣ್ಣು, ಪಂಪು ತುಂಬಿದರೆ ಚಿತ್ರವೆಲ್ಲ ಜೋತು ಬೀಳುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಸೇರುವ ಜಾಗ ಎಲ್ಲಿ ಅಂತ ನೇಕಾರರು ಮೊದಲೇ ಯೋಚಿಸಿರುತ್ತಾರೆ. ನಾನು ಯೋಚಿಸಿರಲಿಲ್ಲ. ಜೇಬುಗಳನ್ನು ಪೂರ್ತಿ ಕೆಂಪು ಮಾಡಿದೆ. ಅದೇ ಕೆಂಪು ಹೊಲಿಗೆ ದಾಟಿ ಬೆನ್ನಿನ ಮೇಲೆ ನಾಲ್ಕು ಬೆರಳು ಏರಿ, ಅಲ್ಲಿಂದ ತೆನಿ ಶುರುವಾಗುತ್ತದೆ. ಕೆಂಪಿಗೆ ಕೆಂಪು ಸೇರುವಾಗ ಅರ್ಧ ಸೆಂಟಿಮೀಟರ್ ಜರುಗಿದರೂ ಯಾರಿಗೂ ಕಾಣುವುದಿಲ್ಲ.

ಅದೇ ಸ್ಯಾಂಪಲ್ ಹಾಕಿಕೊಂಡು ಅಳ್ನಾವರ ದಾಟಿ ದಾಂಡೇಲಿ ಕಡೆ ಹೋದೆವು. ಮರಗಳ ನೆರಳಿನಲ್ಲಿ ನನ್ನನ್ನು ಮುಂದೆ ಬಿಟ್ಟು ಗೆಳೆಯ ಹಿಂದಿನಿಂದ ಫೋಟೋ ತೆಗೆದ. ನವಿಲು ಹಸಿರು ಕಾಡಿನಲ್ಲಿ ಮುಳುಗಿ ಹೋಗಿತ್ತು. ಕೆಂಪೂ ಕಪ್ಪಾಗಿತ್ತು. ಕಂಡದ್ದು ಬಿಳಿ ಹಲ್ಲುಗಳ ಸಣ್ಣ ಗೆರೆ ಮಾತ್ರ. ಹಿಂದೆ ಬರುವ ಲಾರಿಯವನಿಗೂ ಅಷ್ಟೇ ಕಾಣುತ್ತದೆ ಅಂತ ಯೋಚಿಸಿ ಎದೆ ಧಸಕ್ಕೆಂದಿತು. ಅವ್ವ ಹೇಳಿದ್ದು ಸರಿ ಇತ್ತು. ತೆನಿಯನ್ನು ಐದು ಸೆಂಟಿಮೀಟರಿಗೆ ಬೆಳೆಸಿದೆ, ಬಿಳಿಯ ಅಗಲ ಹೆಚ್ಚಿಸಿದೆ, ತೋಳಿನ ದಡಿಯನ್ನು ಅರಿಶಿನ ಬಣ್ಣಕ್ಕೆ ತಂದೆ, ನಡುವಿನ ಜೇಬಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಹೊಲಿಸಿದೆ. ಜರ್ಸಿ ಮೊದಲಿಗಿಂತ ಚೆಂದವೂ ಆಯಿತು. ರಾತ್ರಿ ಬ್ರೆವೆಗೆ, ಅಂದರೆ ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹೋಗುವವರು ಹೇಗೂ ರಿಫ್ಲೆಕ್ಟಿವ್ ಜಾಕೆಟ್ ಹಾಕಲೇಬೇಕು.

ಚಡ್ಡಿ ಬಗ್ಗೆ ಚರ್ಚೆಯೇ ಬೇಡ ಅಂದೆ. ಕಪ್ಪು. ತಿಳಿ ಬಣ್ಣದ ಲೈಕ್ರಾ ಎಳೆದಾಗ, ಬೆವರಿಗೆ ನೆನೆದಾಗ ಒಳಗಿನದ್ದೆಲ್ಲ ಕಾಣುತ್ತದೆ.

ಕಷ್ಟವಾದದ್ದು ದುಡ್ಡು ಕೊಟ್ಟವರನ್ನು ಒಪ್ಪಿಸುವುದು. ಐವರು ಉಳಿದಿದ್ದರು. ಎಲ್ಲರ ಹೆಸರೂ ಒಂದೇ ಬಿಳಿ ಬಣ್ಣದಲ್ಲಿ, ಒಂದೇ ಎತ್ತರದಲ್ಲಿ ಬರುತ್ತದೆ ಅಂದೆ. ಒಬ್ಬರು ‘ನಮ್ಮ ಲೋಗೋ ಕೆಂಪು ನೀಲಿ ಐತ್ರೀ, ಬಿಳಿ ಮಾಡಿದ್ರ ನಮ್ದು ಅಂತ ಹೆಂಗ ಗೊತ್ತಾಗ್ತದ?’ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಹಳೆಯ ಜರ್ಸಿಯನ್ನೂ ಹೊಸದನ್ನೂ ಅವರ ಅಂಗಡಿ ಎದುರಿನ ಬೇಲಿಗೆ ತೂಗುಹಾಕಿ, ರಸ್ತೆಯ ಆಚೆ ನಿಂತು ಓದಿ ಅಂದೆ. ಹಳೆಯದರಲ್ಲಿ ಅವರಿಗೆ ತಮ್ಮ ಹೆಸರೇ ಸಿಗಲಿಲ್ಲ. ಹೊಸದರಲ್ಲಿ ತಕ್ಷಣ ಓದಿದರು. ಅಲ್ಲೇ ಒಪ್ಪಿದರು.

ಅಳತೆಯಲ್ಲಿ ಮಾತ್ರ ಎಡವಿದೆ. ಹೆಂಗಸರಿಗೂ ಗಂಡಸರ ಅಳತೆಯ ಸಣ್ಣ ಸೈಜನ್ನೇ ತರಿಸಿದ್ದೆ. ಭುಜದಲ್ಲಿ ಜೋಲು, ಸೊಂಟದಲ್ಲಿ ಬಿಗಿ, ಜೇಬು ತೀರಾ ಕೆಳಗೆ. ನಮ್ಮ ಏಳು ಜನ ಅಕ್ಕ ತಂಗಿಯರು ಒಂದು ವರ್ಷ ಹಾಗೇ ಹಾಕಿಕೊಂಡು ಓಡಿಸಿದರು. ಈ ಸಲದ ಆರ್ಡರಿಗೆ ಮೊದಲು ಅವರಿಗಾಗಿ ಬೇರೆ ಕಟ್ಟಿಂಗಿನ ಅಳತೆಯ ಜರ್ಸಿಗಳನ್ನು ತರಿಸಿದ್ದೇನೆ. ಕನ್ನಡಿ ಮುಂದೆ ನಿಂತು ನೋಡಿದರೆ ಸಾಲದು. ಸ್ಟ್ಯಾಂಡಿಗೆ ಹಾಕಿದ ಸೈಕಲ್ ಮೇಲೆ ಕೂತು, ಹ್ಯಾಂಡಲ್ ಹಿಡಿದು, ಹಿಂದಕ್ಕೆ ಕೈ ಹಾಕಿ ಜೇಬಿನಿಂದ ಬಾಳೆಹಣ್ಣು ತೆಗೆದು ನೋಡುತ್ತಿದ್ದಾರೆ. ನಾಲ್ವರದ್ದು ಮುಗಿದಿದೆ, ಇನ್ನು ಮೂವರು ಈ ಭಾನುವಾರ ಬರುತ್ತಾರೆ.