ಪವರ್ ಪ್ರೆಸ್‌ಗೆ ಲೈಟ್ ಕರ್ಟನ್: ಅಳವಡಿಕೆ ಮತ್ತು ಹೊಂದಾಣಿಕೆ

ಲೈಟ್ ಕರ್ಟನ್ ಎಂದರೆ ಎಮಿಟರ್ ಕಂಬದಿಂದ ಎದುರಿನ ರಿಸೀವರ್ ಕಂಬಕ್ಕೆ ಬೆಳಕಿನ ಕಿರಣಗಳ ಪರದೆ ಹಾಯಿಸಿ, ಕೈ ಅಡ್ಡ ಬಂದೊಡನೆ ಯಂತ್ರ ನಿಲ್ಲಿಸುವ ಸಾಧನ. ಅದನ್ನು ಕೊಳ್ಳುವ ಮೊದಲು ಪ್ರೆಸ್‌ನ ಕ್ಲಚ್ (ಮೋಟರಿನ ಓಟವನ್ನು ಪ್ರೆಸ್‌ಗೆ ಜೋಡಿಸುವ ಭಾಗ) ಯಾವ ಬಗೆಯದೆಂದು ನೋಡಬೇಕು. ಕೀ ಕ್ಲಚ್‌ನ ಪ್ರೆಸ್ ಒಮ್ಮೆ ಹೊರಟರೆ ಸುತ್ತು ಮುಗಿಯುವವರೆಗೆ ನಿಲ್ಲುವುದಿಲ್ಲವಾದ್ದರಿಂದ, ಅದರ ಮುಂದೆ ಎಷ್ಟೇ ದುಬಾರಿ ಕರ್ಟನ್ ನಿಲ್ಲಿಸಿದರೂ ಕೈ ಉಳಿಯದು. ಅಲ್ಲಿ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಸುತ್ತ ಕದಲದ ಜಾಲರಿ ಗಾರ್ಡ್ ಹಾಕುವುದೇ ಸರಿ. ಮುಂದಿನ ಮಾತು ನಡುವೆಯೇ ನಿಲ್ಲಬಲ್ಲ ಹೈಡ್ರಾಲಿಕ್ ಮತ್ತು ಫ್ರಿಕ್ಷನ್ ಕ್ಲಚ್ ಪ್ರೆಸ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಂತರ. ಐಎಸ್ಒ 13855 ಮಾನದಂಡದ ಪ್ರಕಾರ, ಕೈ ಸೆಕೆಂಡಿಗೆ 2000 ಮಿ.ಮೀ. ವೇಗದಲ್ಲಿ ಚಲಿಸುತ್ತದೆಂದು ಹಿಡಿದು, ಅದನ್ನು ಒಟ್ಟು ನಿಲುಗಡೆಯ ಸಮಯದಿಂದ ಗುಣಿಸಬೇಕು. ಕರ್ಟನ್, ಸೇಫ್ಟಿ ರಿಲೇ (ಕರ್ಟನ್‌ನ ಸಂಕೇತ ಪಡೆದು ಯಂತ್ರ ನಿಲ್ಲಿಸುವ ಸುರಕ್ಷತಾ ಸ್ವಿಚ್) ಮತ್ತು ಯಂತ್ರ ಸೇರಿ 0.21 ಸೆಕೆಂಡು ತೆಗೆದುಕೊಂಡರೆ, 14 ಮಿ.ಮೀ. ರೆಸಲ್ಯೂಶನ್‌ನ (ಪತ್ತೆಹಚ್ಚಬಲ್ಲ ಅತಿ ಸಣ್ಣ ವಸ್ತುವಿನ ದಪ್ಪ) ಕರ್ಟನ್ ಅಪಾಯದ ಜಾಗದಿಂದ ಕನಿಷ್ಠ 420 ಮಿ.ಮೀ. ದೂರದಲ್ಲಿರಬೇಕು. ರೆಸಲ್ಯೂಶನ್ ಒರಟಾದಷ್ಟೂ ಈ ಅಂತರ ಹೆಚ್ಚುತ್ತದೆ. ಯಂತ್ರದ ನಿಲುಗಡೆಯ ಸಮಯವನ್ನು ಹಳೆಯ ಕೈಪಿಡಿಯಿಂದ ಎತ್ತಿಕೊಳ್ಳದೆ ಮೀಟರ್‌ನಿಂದಲೇ ಅಳೆಯಬೇಕು, ಏಕೆಂದರೆ ಸವೆದ ಬ್ರೇಕ್ ಕೈಪಿಡಿಯ ಲೆಕ್ಕಕ್ಕೆ ಸಿಗುವುದಿಲ್ಲ. ಅಂತರ ಹೆಚ್ಚಾಗಿ ಕರ್ಟನ್ ಮತ್ತು ಪ್ರೆಸ್ ನಡುವೆ ಮನುಷ್ಯ ನಿಲ್ಲುವಷ್ಟು ಜಾಗ ಉಳಿದರೆ, ಅಲ್ಲಿಯೂ ಪತ್ತೆಯ ವ್ಯವಸ್ಥೆ ಬೇಕು. ಮೇಲಿನಿಂದ, ಕೆಳಗಿನಿಂದ, ಬದಿಯಿಂದ ಕೈ ತೂರದಂತೆ ತಗಡು ಅಥವಾ ಜಾಲರಿಯಿಂದ ಮುಚ್ಚಬೇಕು.

ಹೊಳೆಯುವ ತಗಡು ಕಿರಣಗಳನ್ನು ಪ್ರತಿಫಲಿಸಿದರೆ, ಕೈ ಅಡ್ಡ ಬಂದರೂ ರಿಸೀವರ್‌ಗೆ ಬೆಳಕು ಸುತ್ತುಬಳಸಿ ತಲುಪಬಹುದು. ಟೈಪ್ 4 (ಅತಿ ಹೆಚ್ಚಿನ ಸುರಕ್ಷತೆಯ ವರ್ಗ) ಕರ್ಟನ್‌ನಲ್ಲಿ ಎಮಿಟರ್ ಮತ್ತು ರಿಸೀವರ್ ನಡುವೆ 3 ಮೀಟರ್ ಇದ್ದರೆ, ಅಂತಹ ಮೇಲ್ಮೈ ಕಿರಣಗಳಿಂದ ಕನಿಷ್ಠ 131 ಮಿ.ಮೀ. ದೂರವಿರಬೇಕು.

ಎರಡೂ ಕಂಬಗಳನ್ನು ಒಂದೇ ಎತ್ತರಕ್ಕೆ, ಕೇಬಲ್ ತುದಿಗಳು ಒಂದೇ ಕಡೆಗಿರುವಂತೆ, ಸ್ಪಿರಿಟ್ ಲೆವೆಲ್ ಹಿಡಿದು ನಿಲ್ಲಿಸಿ. ಎಮಿಟರನ್ನು ಬಿಗಿದು, ರಿಸೀವರನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ, ಹಸಿರು ದೀಪ ಆರುವ ಎರಡು ಅಂಚುಗಳನ್ನು ಗುರುತಿಸಿ, ಅವುಗಳ ನಟ್ಟನಡುವೆ ಬಿಗಿಯಿರಿ. ಬಳಿಕ ಎಮಿಟರ್‌ಗೂ ಹಾಗೆಯೇ ಮಾಡಿ. ಹಸಿರು ಹತ್ತಿದೊಡನೆ ಬಿಗಿದುಬಿಟ್ಟರೆ ಪ್ರೆಸ್‌ನ ಅದುರುವಿಕೆಗೆ ಅದು ಬೇಗನೆ ತಪ್ಪುತ್ತದೆ, ಕಾರಣವಿಲ್ಲದೆ ಯಂತ್ರ ನಿಲ್ಲತೊಡಗುತ್ತದೆ, ಬೇಸತ್ತ ಆಪರೇಟರ್ ಬೈಪಾಸ್ ಮಾಡುವುದೂ ಇಂತಹ ಕಡೆಯೇ.

ಕರ್ಟನ್‌ನ ಎರಡು ಔಟ್‌ಪುಟ್‌ಗಳು ಸೇಫ್ಟಿ ರಿಲೇಗೆ ಹೋಗಬೇಕೇ ಹೊರತು ಯಂತ್ರ ನಡೆಸುವ ಸಾಮಾನ್ಯ ನಿಯಂತ್ರಕವಾದ ಪಿಎಲ್‌ಸಿಗಲ್ಲ. ರಿಸೆಟ್ ಗುಂಡಿ ಅಪಾಯದ ಜಾಗ ಪೂರ್ತಿ ಕಾಣುವಲ್ಲಿ, ಆದರೆ ಒಳಗಿನಿಂದ ಕೈಗೆಟುಕದಂತೆ ಇರಲಿ.

ಕೊನೆಗೆ, ರೆಸಲ್ಯೂಶನ್‌ನಷ್ಟೇ ದಪ್ಪದ ಪರೀಕ್ಷಾ ಕೋಲನ್ನು ಎಮಿಟರ್ ಬಳಿ, ರಿಸೀವರ್ ಬಳಿ ಮತ್ತು ನಡುವೆ ಮೇಲಿನಿಂದ ಕೆಳಗೆ ನಿಧಾನವಾಗಿ ಸಾಗಿಸಿ. ದಾರಿಯುದ್ದಕ್ಕೂ ಕೆಂಪು ದೀಪವೇ ಉರಿಯಬೇಕು. ಒಂದು ಕ್ಷಣ ಹಸಿರು ಮಿನುಗಿದರೂ ಪ್ರೆಸ್ ಓಡಿಸಕೂಡದು. ಈ ಪರೀಕ್ಷೆಯನ್ನು ಪ್ರತಿ ಶಿಫ್ಟ್‌ನ ಆರಂಭದಲ್ಲೂ ಡೈ ಬದಲಿಸಿದಾಗಲೂ ಮಾಡಬೇಕು.