ದೊಡ್ಡಮನೆಗೆ ಆಳು ಗೊತ್ತು ಮಾಡೋದು ಹೇಗೆ: 18ನೇ ಶತಮಾನದ ಇಂಗ್ಲೆಂಡ್

ಇಂಗ್ಲೆಂಡಿನ ಹಳ್ಳಿ ಕಡೆ ನಿಮ್ದೊಂದು ಎಸ್ಟೇಟ್ ಇದೆ, ಇಸವಿ 1780 ಅಂತಿಟ್ಕೊಳ್ಳಿ. ಹೆಣ್ಣಾಳುಗಳನ್ನ ಹುಡುಕೋದು ಹೌಸ್‌ಕೀಪರಮ್ಮ, ಅಂದ್ರೆ ಮನೆಯ ಹೆಣ್ಣಾಳುಗಳ ಮೇಲ್ವಿಚಾರಕಿ, ಗಂಡಾಳುಗಳನ್ನ ಸ್ಟೂವರ್ಡ್, ಅಂದ್ರೆ ಎಸ್ಟೇಟಿನ ವ್ಯವಹಾರ ನೋಡ್ಕೊಳ್ಳೋ ಮೇಲ್ವಿಚಾರಕ.

ಮೊದಲು ಗಂಡಸರು ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಿ, ಯಾಕಂದ್ರೆ 1777ರಿಂದ ಮನೆಗೆಲಸದ ಒಬ್ಬೊಬ್ಬ ಗಂಡಾಳಿಗೂ ವರ್ಷಕ್ಕೆ 1 ಗಿನಿ, ಅಂದ್ರೆ 21 ಶಿಲಿಂಗ್ ತೆರಿಗೆ, ಅಮೆರಿಕದ ಯುದ್ಧದ ಖರ್ಚಿಗೆ ಹಾಕಿದ್ದು. ಹೆಣ್ಣಾಳಿಗೆ ಇನ್ನೂ ಇಲ್ಲ, ಅದು ಬಂದಿದ್ದು 1785ರಲ್ಲಿ.

ಬಟ್ಲರ್ (ಮನೆ ಒಳಗಿನ ಗಂಡಾಳುಗಳ ಮುಖ್ಯಸ್ಥ), ಅಡುಗೆಯವರು ಬೇಕಂದ್ರೆ ಪರಿಚಯದವರನ್ನ ಕೇಳಿ, ಇಲ್ಲಾ ಪೇಪರ್‌ನಲ್ಲಿ ಜಾಹೀರಾತು ಕೊಡಿ.

ಹಾಲು ಕರೆಯೋಳು, ಪಾತ್ರೆ ತೊಳೆಯೋಳು ಬೇಕಂದ್ರೆ ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬದ ಆಸುಪಾಸು ಆಳುಗಳ ಜಾತ್ರೆ ನಡೆಯತ್ತೆ, ಅಲ್ಲಿಗೆ ಹೋಗಿ. ಕುರಿ ಕಾಯೋನು ಒಂದು ಎಳೆ ಉಣ್ಣೆ ಸಿಕ್ಕಿಸ್ಕೊಂಡು ನಿಂತಿರ್ತಾನೆ, ಗಾಡಿ ಹೊಡೆಯೋನು ಚಾಟಿ ದಾರ, ಮನೆಗೆಲಸದ ಹುಡುಗಿ ಕೈಯಲ್ಲಿ ಮಾಪು, ಅದಕ್ಕೇ ಎಷ್ಟೋ ಕಡೆ ಇದಕ್ಕೆ ಮಾಪ್ ಜಾತ್ರೆ ಅಂತಾನೇ ಹೆಸರು. ಸಂಬಳ ಊಟ ವಸತಿ ಬಿಟ್ಟು ವರ್ಷಕ್ಕೆ 5ರಿಂದ 8 ಪೌಂಡ್ ಅಂತ ಮಾತಾಡಿ, ಟೀ ಸಕ್ಕರೆ ಖರ್ಚು ಯಾರದ್ದು ಅನ್ನೋದನ್ನೂ ಅಲ್ಲೇ ಮುಗಿಸಿ. ಮಾತು ಕುದುರಿದ್ರೆ ಅವಳ ಅಂಗೈಗೆ 1 ಶಿಲಿಂಗ್ ಮುಂಗಡ ಇಡಿ. ಅವಳು ಇಸ್ಕೊಂಡ್ರೆ ಕರಾರು ಆದ ಹಾಗೇ, ಕಾಗದ ಪತ್ರ ಏನೂ ಬೇಡ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ, ನನಗೆ ಇಡೀ ವ್ಯವಹಾರದಲ್ಲಿ ಇದೇ ಮುಖ್ಯ ಅನ್ಸತ್ತೆ. ಮದುವೆಯಾಗದ, ಮಕ್ಕಳಿಲ್ಲದ ಆಳು ಪೂರ್ತಿ 1 ವರ್ಷಕ್ಕೆ ಅಂತ ಸೇರಿ ಆ ವರ್ಷ ಮುಗಿಸಿದ್ರೆ ಕೆಲಸ ಮಾಡಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ಅವಳ ಊರಾಗ್ತಿತ್ತು, ಅಂದ್ರೆ ಕಾಯಿಲೆ ಬಿದ್ರೂ ಮುಪ್ಪಾದ್ರೂ ಅವಳನ್ನ ನೋಡ್ಕೊಳ್ಳೋ ಹೊಣೆ ಆ ಪ್ಯಾರಿಷ್‌ದು, ಊರವರ ತೆರಿಗೆ ದುಡ್ಡಲ್ಲಿ. ಅದನ್ನ ತಪ್ಪಿಸೋಕೆ ಅಂತಾನೇ ಎಷ್ಟೋ ಯಜಮಾನರು 51 ವಾರಕ್ಕೆ ಗೊತ್ತು ಮಾಡ್ಕೋತಿದ್ರು. ಒಂದೇ ಒಂದು ವಾರ ಕಮ್ಮಿ, ಅಷ್ಟಕ್ಕೇ ಅವಳ ಹಕ್ಕು ಹೋಯ್ತು. ಇದು ಅನ್ಯಾಯ ಅಲ್ದೆ ಇನ್ನೇನು? ನೀವು ಪೂರ್ತಿ ವರ್ಷಕ್ಕೇ ಮಾತಾಡಿ.

ಕೊನೇದು ಕ್ಯಾರೆಕ್ಟರ್, ಅಂದ್ರೆ ಹಳೇ ಯಜಮಾನಿ ಕೊಡೋ ನಡತೆ ಪತ್ರ. ಮನೆ ಒಳಗಿನ ಕೆಲಸಕ್ಕೆ ಇದನ್ನ ನೋಡದೆ ಸೇರಿಸ್ಕೋಬೇಡಿ, ಆದ್ರೆ ಸುಳ್ಳು ಪತ್ರನೂ ಓಡಾಡತ್ತೆ (1792ರಲ್ಲಿ ಅದಕ್ಕೆ 20 ಪೌಂಡ್ ದಂಡ ಬಂತು), ಹಾಗಾಗಿ ಆಗೋದಾದ್ರೆ ಆ ಮನೆಗೇ ಹೋಗಿ ಕೇಳಿ. ನಿಮ್ಮ ಮನೆ ಬಿಟ್ಟು ಹೋಗೋ ಹುಡುಗಿಗೂ ಒಂದು ಬರೆದು ಕೊಡಿ. ಕೊಡಲೇಬೇಕು ಅಂತ ಕಾನೂನಿಲ್ಲ, ಆದ್ರೆ ಅದಿಲ್ದೆ ಇನ್ನೊಂದು ಒಳ್ಳೇ ಮನೆ ಸಿಗೋದು ಅವಳಿಗೆ ತುಂಬಾ ಕಷ್ಟ.